ಕುಡಿದವರೇ ಕಟ್ಟಬೇಕು

ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಮರುನಾಮಕರಣ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿದ್ದು 2025ರ ಮೇ ತಿಂಗಳಲ್ಲಿ. ಬೆಂಗಳೂರಿನ ಹೆಸರು ಬಂದರೆ ಬಂಡವಾಳ ಬರುತ್ತದೆ, ಜಮೀನಿಗೆ ಬೆಲೆ ಬರುತ್ತದೆ ಎಂದು ಒಂದು ಕಡೆಯವರು. ರಾಮನ ಹೆಸರು ಹೋದರೆ ಮಾನ ಹೋಗುತ್ತದೆ ಎಂದು ಇನ್ನೊಂದು ಕಡೆಯವರು. ಬೈರಮಂಗಲದ ಕೆರೆ ಏರಿಯ ಮೇಲೆ ನಿಂತವರಿಗೆ ಈ ಜಗಳ ಬಹಳ ತಡವಾಗಿ ಶುರುವಾದಂತೆ ಕಂಡಿರಬೇಕು. ಬೆಂಗಳೂರು ಅವರ ಊರಿಗೆ ಬಂದು ಆಗಲೇ ದಶಕಗಳು ಕಳೆದಿದ್ದವು. ವೃಷಭಾವತಿಯಲ್ಲಿ ತೇಲಿ ಬಂದು, ಕೆರೆ ತುಂಬಿ, ಕೋಡಿ ಹರಿದು, ಗದ್ದೆಗೆ ಇಳಿದು, ಬಾವಿಗೂ ಬೋರ್‌ವೆಲ್ಲಿಗೂ ಬಸಿದು ಅಲ್ಲೇ ನೆಲೆಯಾಗಿತ್ತು. ಬಾಕಿ ಇದ್ದದ್ದು ಹೆಸರೊಂದೇ. ಸರ್ಕಾರ ಆ ಕೊರತೆಯನ್ನೂ ನೀಗಿಸಿತು.

ವೃಷಭಾವತಿ ಹುಟ್ಟಿದ್ದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಎಂಬುದು ನಂಬಿಕೆ. ಹುಟ್ಟಿದ್ದು ಬಸವಣ್ಣನ ಪಾದದಲ್ಲಾದರೂ ಬೆಳೆದದ್ದು ಬೆಂಗಳೂರಿನ ಬಚ್ಚಲಲ್ಲಿ. ಮೈಸೂರು ರಸ್ತೆಯ ಗಾಳಿ ಆಂಜನೇಯನಿಗೆ ದರ್ಶನ ಕೊಟ್ಟು, ನಾಯಂಡಹಳ್ಳಿ, ಕೆಂಗೇರಿ ದಾಟಿ, ದಾರಿಯುದ್ದಕ್ಕೂ ಮನೆಗಳದ್ದನ್ನೂ ಕಾರ್ಖಾನೆಗಳದ್ದನ್ನೂ ಭೇದಭಾವವಿಲ್ಲದೆ ಸ್ವೀಕರಿಸುತ್ತ ಅದು ಬಿಡದಿ ಹೋಬಳಿಗೆ ಇಳಿಯುತ್ತದೆ. ಬೈರಮಂಗಲದ ಜಲಾಶಯ ಕಟ್ಟಿದ್ದು 1940ರ ದಶಕದಲ್ಲಿ, ಬಯಲಿನ ರೈತರು ಎರಡು ಹೊತ್ತು ಅನ್ನ ಕಾಣಲಿ ಎಂದು. ಈಗ ಅದರ ಕೋಡಿಯ ಕೆಳಗೆ ನೊರೆ ಆಳೆತ್ತರಕ್ಕೆ ಏಳುತ್ತದೆ. ಗಾಳಿ ಬೀಸಿದರೆ ಒಂದೊಂದು ಹಿಡಿ ನೊರೆ ಹಾರಿ ಬಂದು ಬೈಕಿನವನ ಕನ್ನಡಕದ ಮೇಲೆ ಕೂರುತ್ತದೆ. ಒರೆಸಿದರೆ ನೊರೆ ಹೋಗುತ್ತದೆ, ಜಿಡ್ಡು ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಮನೆಯ ತನಕ ಜೊತೆಗೇ ಬರುತ್ತದೆ. ನಾಲೆಗೆ ಇಳಿದು ಮಡೆ ತಿರುಗಿಸಿದವನು ಸಂಜೆಯೆಲ್ಲ ಮೊಣಕಾಲು ಕೆರೆದುಕೊಳ್ಳುತ್ತ ಕೂರುತ್ತಾನೆ. ಭತ್ತ ಬಿಟ್ಟು ಜನ ಮೇವಿನ ಹುಲ್ಲಿಗೆ, ಹಿಪ್ಪುನೇರಳೆಗೆ, ಬೇಬಿ ಕಾರ್ನಿಗೆ ಬಂದಿದ್ದಾರೆ. ನೀರಿನ ಗುಣಮಟ್ಟಕ್ಕೆ ಎ ಯಿಂದ ಇ ತನಕ ದರ್ಜೆಗಳಿವೆ. ಎ ದರ್ಜೆಯದು ಕುಡಿಯುವುದಕ್ಕೆ, ಕೊನೆಯ ಇ ದರ್ಜೆಯದು ನೀರಾವರಿಗೆ, ಯಂತ್ರ ತಣಿಸುವುದಕ್ಕೆ. ನಮ್ಮ ವೃಷಭಾವತಿ ವರ್ಷ ವರ್ಷವೂ ತಪ್ಪದೆ ಇ ದರ್ಜೆಯಲ್ಲೇ ಕೂತಿದೆ. ಎಫ್ ಎಂಬ ದರ್ಜೆಯನ್ನು ಮಾಡದೆ ಬಿಟ್ಟದ್ದು ದೊಡ್ಡ ಉಪಕಾರ.

ಈ ನೀರಿನ ಪೂರ್ವಾಶ್ರಮ ಗೊತ್ತಾದರೆ ಅದರ ಮೇಲೆ ಇನ್ನಷ್ಟು ಗೌರವ ಹುಟ್ಟುತ್ತದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿಯನ್ನು ಶುದ್ಧ ಮಾಡಿ, ಆಳು ನುಸುಳುವಷ್ಟು ದಪ್ಪದ ಕೊಳವೆಯಲ್ಲಿ ತುಂಬಿ, ಇದೇ ಜಿಲ್ಲೆಯ ಹಾರೋಹಳ್ಳಿಯಲ್ಲಿ ಮತ್ತೊಮ್ಮೆ ಮೇಲೆತ್ತಿ ಬೆಂಗಳೂರಿಗೆ ಕಳಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತ ಒಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ಮನೆಗೆ ಕೊಟ್ಟ ನೀರಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಹಾಗಾಗಿ ಕನಕಪುರ ರಸ್ತೆಯಲ್ಲಿ ಮೇಲೆ ಹೋದ ಕಾವೇರಿಯ ಒಂದು ದೊಡ್ಡ ಪಾಲು ಮೈಸೂರು ರಸ್ತೆಯಲ್ಲಿ ಕೆಳಗೆ ಬರುತ್ತದೆ. ಹೋಗುವಾಗ ಬೀಗ ಹಾಕಿದ ಕೊಳವೆ, ಕಾವಲುಗಾರ. ಬರುವಾಗ ಬಯಲು, ಯಾರು ಬೇಕಾದರೂ ಮುಟ್ಟಬಹುದು.

ಇದೇ ಜಿಲ್ಲೆಯ ಮಾಗಡಿಯವರ ಪುಣ್ಯ ಇನ್ನೂ ಹಳೆಯದು. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶ ಆಳಿದ ಸೀಮೆ ಅದು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಗೆ ಅಣೆಕಟ್ಟು ಕಟ್ಟಿ ಆ ಸೀಮೆಯ ನೀರನ್ನು ಬೆಂಗಳೂರಿಗೆ ಕುಡಿಸಿದರು. ಕುಡಿದ ಬೆಂಗಳೂರು ದೊಡ್ಡದಾಯಿತು, ಜಲಾಶಯದ ಮೇಲ್ಭಾಗಕ್ಕೂ ಬಂದು ಕೂತಿತು. ನೀರು ಕೆಟ್ಟಿತು, 2012ರ ಹೊತ್ತಿಗೆ ಜಲಮಂಡಳಿ ‘ಇದು ನಮಗೆ ಬೇಡ’ ಎಂದು ನಲ್ಲಿ ತಿರುಗಿಸಿತು. ಜಲಾನಯನ ಪ್ರದೇಶ ಉಳಿಸಲು 2003ರಲ್ಲಿ ಹೊರಟಿದ್ದ ಸರ್ಕಾರಿ ಆದೇಶವನ್ನು 2019ರಲ್ಲಿ ಸಡಿಲಗೊಳಿಸಿದರು. ಕುಡಿಯಲಾಗದ ನೀರಿಗೆ ಅಷ್ಟೊಂದು ರಕ್ಷಣೆ ಯಾಕೆ ಎಂಬ ತರ್ಕವನ್ನು ಯಾರೂ ಅಲ್ಲಗಳೆಯಲಾರರು. ನೀರು ಕೆಟ್ಟರೆ ಬೆಂಗಳೂರು ಬೇರೆ ನದಿ ಹುಡುಕಿಕೊಳ್ಳುತ್ತದೆ. ಬೈರಮಂಗಲ ಎಲ್ಲಿಗೆ ಹೋಗಬೇಕು?

ಕೋರ್ಟಿಗೆ ಹೋಗಬೇಕು ಎನ್ನುತ್ತದೆ ಕಾನೂನು. ಮಾಲಿನ್ಯಮುಕ್ತ ನೀರು ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಕೆಡಿಸಿದವರೇ ಕಟ್ಟಬೇಕು ಎಂಬ ತತ್ವವನ್ನು 1996ರಲ್ಲಿ ಎತ್ತಿ ಹಿಡಿದಿದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯಂತೂ ಕಲ್ಪವೃಕ್ಷ. ಯಾವ ಯಾವ ಬಾಬ್ತಿಗೆ ಪರಿಹಾರ ಕೇಳಬಹುದು ಎಂದು ಅದರ ಅನುಸೂಚಿಯಲ್ಲಿ ಪಟ್ಟಿಯೇ ಇದೆ. ಸಾವು, ವೈದ್ಯಕೀಯ ಖರ್ಚು, ಆಸ್ತಿ ನಷ್ಟ, ಹಾಳಾದ ಮಣ್ಣು, ಹಾಳಾದ ನೀರು. ಹಾಲು ಕೊಡುವ ಎಮ್ಮೆ, ಉಳುವ ಎತ್ತು, ಕೆರೆಯ ಮೀನನ್ನೂ ಕಾಯ್ದೆ ಮರೆತಿಲ್ಲ. ಇಷ್ಟಿದ್ದೂ ಅರ್ಜಿ ಹಾಕದೆ ಕೂತಿರುವ ನಮ್ಮವರ ಸೋಮಾರಿತನಕ್ಕೆ ಏನು ಹೇಳೋಣ?

ಅಮೆರಿಕದವರನ್ನು ನೋಡಿ ಕಲಿಯಬೇಕು. ಅಲ್ಲಿ ನಾರ್ತ್ ಕೆರೊಲಿನಾದ ಕ್ಯಾಂಪ್ ಲೆಜೂನ್ ಎಂಬ ಸೇನಾ ನೆಲೆಯಲ್ಲಿ 1953ರಿಂದ 1987ರ ತನಕ ಕುಡಿಯುವ ನೀರಿಗೆ ಕೈಗಾರಿಕಾ ರಾಸಾಯನಿಕಗಳು ಸೇರಿದ್ದವು. 2022ರಲ್ಲಿ ಅದಕ್ಕಾಗಿಯೇ ಒಂದು ಕಾಯ್ದೆ ಮಾಡಿದರು. ಆ ಅವಧಿಯಲ್ಲಿ 30 ದಿನ ಅಲ್ಲಿದ್ದು ಹಾನಿಗೆ ಒಳಗಾದವರು ಯಾರೇ ಆದರೂ ಹಕ್ಕು ಸಾಧಿಸಬಹುದಿತ್ತು. ತಾಯಿಯ ಹೊಟ್ಟೆಯಲ್ಲಿದ್ದ ಕೂಸಿಗೂ ಅವಕಾಶವಿತ್ತು. ಕೆಲವು ಕಾಯಿಲೆಗಳಿಗೆ ಒಂದು ಲಕ್ಷದಿಂದ ನಾಲ್ಕೂವರೆ ಲಕ್ಷ ಡಾಲರಿನ ತನಕ ದರಪಟ್ಟಿಯನ್ನೇ ಪ್ರಕಟಿಸಿದರು. ‘ನೀವು ಆ ನೀರು ಕುಡಿದಿದ್ದೀರಾ? ಕೂಡಲೇ ಕರೆ ಮಾಡಿ’ ಎಂದು ವಕೀಲರು ಟೀವಿಯಲ್ಲಿ ಕೂಗಿ ಕೂಗಿ ಕರೆದರು. ನಾಲ್ಕು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ದುಡ್ಡು ಕೈಗೆ ಬಂದವರು ಕಡಿಮೆ, ಕಾಯುತ್ತಿರುವವರೇ ಹೆಚ್ಚು. ಆದರೂ ಕಾಯುವುದಕ್ಕೆ ಅಲ್ಲೊಂದು ಸಾಲು ಇದೆ, ಸಾಲಿಗೊಂದು ನಂಬರು ಇದೆ. ನಮ್ಮಲ್ಲಿ 30 ದಿನವೇನು, 30 ವರ್ಷ ಕುಡಿದವರು ಸಿಗುತ್ತಾರೆ. ಸಾಲು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಗೊತ್ತಿಲ್ಲ.

ಹೀಗೊಂದು ಸುದ್ದಿ ಮೊಬೈಲಿನಲ್ಲಿ ಕಂಡ ಬಯಲಿನ ಗೌಡರೊಬ್ಬರು ರಾಮನಗರದ ವಕೀಲರ ಕಚೇರಿಗೆ ಬಂದರು ಎಂದಿಟ್ಟುಕೊಳ್ಳಿ.

‘ಸಾ, ಅಮೆರಿಕದಾಗೆ ಕೆಟ್ ನೀರು ಕುಡಿದೋರ್ಗೆ ದುಡ್ಡು ಕೊಟ್ರಂತೆ. ನಮ್ದೂ ಒಂದ್ ಅರ್ಜಿ ಹಾಕ್ಬುಡಿ.’

‘ಹಾಕಣ ಗೌಡ್ರೆ. ಯಾರ ಮೇಲೆ?’

‘ಗಲೀಜು ಬುಟ್ಟೋರ ಮೇಲೆ.’

‘ಬಿಟ್ಟೋರು ಯಾರು?’

‘ಇನ್ಯಾರು ಸಾ, ಬೆಂಗ್ಳೂರೋರು.’

‘ಒಂದು ಕೋಟಿ ಮೇಲೆ ಜನ ಅವರೆ. ಅಷ್ಟೂ ಜನಕ್ಕೆ ನೋಟಿಸು ಕೊಡಕ್ಕಾಯ್ತದಾ?’

‘ನನ್ ಮಗನೂ ಅಲ್ಲೇ ಅವ್ನೆ ಸಾ, ಕೆಂಗೇರಿ ತಾವ ಮನೆ ಮಾಡ್ಕಂಡು. ಅವನೊಬ್ಬನ್ ಹೆಸ್ರು ಬುಟ್ಟು ಮಿಕ್ಕೋರ್ಗೆ ಕೊಡಿ.’

‘ಅದಿರ್ಲಿ. ನೀರು ಯಾವತ್ತಿಂದ ಕೆಟ್ಟದೆ?’

‘ನಾವ್ ಹುಡುಗ್ರಾಗಿದ್ದಾಗ ಅದ್ರಾಗೇ ಈಜಾಡ್ತಿದ್ವಿ. ಆಮೇಲಾಮೇಲೆ ಕೆಡ್ತಾ ಬಂತು.’

‘ಆಮೇಲಾಮೇಲೆ ಅಂದ್ರೆ ಆಗಕ್ಕಿಲ್ಲ. ತಾರೀಕು ಬೇಕು.’

ವಕೀಲರು ತಮಾಷೆ ಮಾಡುತ್ತಿಲ್ಲ. ಪರಿಹಾರ ಕೇಳುವ ಕಾರಣ ‘ಮೊದಲ ಬಾರಿಗೆ’ ಹುಟ್ಟಿದ ದಿನದಿಂದ ಐದು ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾದದ್ದಕ್ಕೆ ತಕ್ಕ ಕಾರಣ ಕೊಟ್ಟರೆ ಇನ್ನೊಂದು 60 ದಿನ ಕೃಪೆ. ಇದು ಹಸಿರು ನ್ಯಾಯಮಂಡಳಿ ಕಾಯ್ದೆಯ 15ನೇ ಕಲಮು. ಮೊದಲ ನೊರೆ ಎದ್ದ ಬೆಳಿಗ್ಗೆ ಗ್ರಾಮ ಪಂಚಾಯಿತಿಗೆ ಓಡಿ ಹೋಗಿ ಜನನ ನೋಂದಣಿ ಮಾಡಿಸಬೇಕು ಎಂಬ ತಿಳಿವಳಿಕೆ ಅಂದಿನವರಿಗೆ ಇರಲಿಲ್ಲ. ದಿನದಿನವೂ ಹೊಸ ಹಾನಿ, ಆದ್ದರಿಂದ ದಿನದಿನವೂ ಹೊಸ ಕಾರಣ ಎಂದು ವಾದಿಸಬಹುದು. ವಾದಕ್ಕೆ ವಕೀಲರು ಬೇಕು. ವಕೀಲರು ರಾಮನಗರದಲ್ಲಿದ್ದರೆ ಸಾಲದು. ದಕ್ಷಿಣ ಭಾರತದವರಿಗೆಂದು ನ್ಯಾಯಮಂಡಳಿಯ ಪೀಠ ಇರುವುದು ಚೆನ್ನೈಯಲ್ಲಿ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ ಸೇರಿ ತಮಿಳುನಾಡಿಗೆ ಹೋಗುವುದರಿಂದ ಅರ್ಜಿಯೂ ಅದೇ ದಿಕ್ಕಿಗೆ ಹೋಗಲಿ ಎಂಬ ದೂರದೃಷ್ಟಿ ಇರಬಹುದು. ಪರಿಹಾರ ಕೇಳುವ ಅರ್ಜಿಗೆ ಕೇಳಿದ ಮೊತ್ತದ ಶೇ 1ರಷ್ಟು ಶುಲ್ಕ. ಹತ್ತು ಲಕ್ಷ ಕೇಳುವವನು ಹತ್ತು ಸಾವಿರ ಹಿಡಿದುಕೊಂಡೇ ಹೋಗಬೇಕು.

ಇನ್ನು ಪುರಾವೆ. ಗೌಡರು ಬಾಯಿ ತೆರೆದು ಹಲ್ಲು ತೋರಿಸುತ್ತಾರೆ; ಕಂದು ಕಲೆ. ಎದುರು ವಕೀಲರಿಗೆ ಹಬ್ಬ. ‘ಇದು ಫ್ಲೋರೈಡು ಸ್ವಾಮಿ. ಫ್ಲೋರೈಡು ಬರುವುದು ಬಂಡೆಯಿಂದ. ಬೇಕಿದ್ದರೆ ರಾಮದೇವರ ಬೆಟ್ಟದ ಮೇಲೆ ಕೇಸು ಹಾಕಿ.’ ನೈಟ್ರೇಟು? ‘ನೀವೇ ಚೆಲ್ಲಿದ ಯೂರಿಯಾ.’ ಕೊಳಚೆಯ ರೋಗಾಣು? ‘ನಿಮ್ಮೂರ ಚರಂಡಿಯನ್ನು ನೋಡಿದ್ದೀರಾ?’ ಈ ಕೊನೆಯ ಮಾತಿಗೆ ಉತ್ತರ ಕೊಡುವಾಗ ನಮ್ಮವರೂ ಸ್ವಲ್ಪ ತಡವರಿಸಬೇಕಾಗುತ್ತದೆ. ರಾಮನಗರದ ಚರಂಡಿಯೂ ರೇಷ್ಮೆ ಬಿಚ್ಚಾಣಿಕೆಯ ಘಟಕಗಳ ಗೂಡು ಬೇಯಿಸಿದ ನೀರೂ ಅರ್ಕಾವತಿಗೇ ಇಳಿಯುತ್ತವೆ. ಬೆಂಗಳೂರಿನಿಂದ ಕಲಿತದ್ದನ್ನು ನಾವು ಕನಕಪುರದವರಿಗೆ ಕಲಿಸುತ್ತಿದ್ದೇವೆ.

ಭಾರಲೋಹದ ಮಾತಿಗೆ ಬಂದರೆ ಇನ್ನೂ ಕಷ್ಟ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಸೀಸಕ್ಕೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಕ್ರೋಮಿಯಂಗೆ 0.05. ಪಂಚಾಯಿತಿಯ ಬೀರುವಿನಲ್ಲಿರುವ ಪರೀಕ್ಷಾ ಕಿಟ್ಟು ನೀರಿನ ಗಡಸುತನ, ಫ್ಲೋರೈಡು, ಕಬ್ಬಿಣದಂಥವನ್ನು ಹೇಳುತ್ತದೆ. ಸೀಸ, ಕ್ರೋಮಿಯಂ ಅದರ ಮಟ್ಟಕ್ಕೆ ದೊಡ್ಡ ಮಾತು. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕು, ದೊಡ್ಡ ಪ್ರಯೋಗಾಲಯಕ್ಕೆ ಸ್ಯಾಂಪಲ್ ಬೇಕು. ಸ್ಯಾಂಪಲ್ ತೆಗೆಯುವ ಸಾಹೇಬರು ಬರುವುದು ಕಚೇರಿ ವೇಳೆಯಲ್ಲಿ. ಬಣ್ಣದ ನೀರು ಬರುವುದು ನಡುರಾತ್ರಿ ಮೇಲೆ ಎನ್ನುತ್ತಾರೆ ಹಳ್ಳಿಯವರು. ಸರ್ಕಾರಿ ಬಾಟಲಿಗೂ ಬಣ್ಣದ ನೀರಿಗೂ ಮುಖಾಮುಖಿಯಾಗುವ ಯೋಗ ಕೂಡಿ ಬರುವುದು ಅಪರೂಪ.

ಚನ್ನಪಟ್ಟಣದ ಗೊಂಬೆಗೆ ಬಳಿಯುವ ಅರಗಿನ ಬಣ್ಣ ಮಗು ಚೀಪಿದರೂ ಅಪಾಯವಿಲ್ಲ ಎಂದು ಹೆಮ್ಮೆಯಿಂದ ಹೇಳಿ ಹೊರದೇಶಕ್ಕೆ ಮಾರುತ್ತೇವೆ. ಅಲ್ಲಿನ ಮಗು ಆಟಿಕೆಯನ್ನು ಬಾಯಿಗಿಟ್ಟರೆ ಏನು ಗತಿ ಎಂಬ ಚಿಂತೆ ನಮಗಿದೆ. ಇಲ್ಲಿನ ಮಗು ಲೋಟ ಬಾಯಿಗಿಟ್ಟರೆ ಏನು ಗತಿ ಎಂಬುದನ್ನು ಆ ಮಗುವೇ ಮುಂದೆ ದೊಡ್ಡದಾಗಿ, ತಾರೀಕು ಸಮೇತ ಸಾಬೀತು ಮಾಡಬೇಕು.

ಈ ಜಿಲ್ಲೆಯ ಇತಿಹಾಸದಲ್ಲಿ ನೀರಿನ ಟ್ಯಾಂಕಿಗೆ ಸಂಬಂಧಿಸಿದಂತೆ ನ್ಯಾಯ ಸಿಕ್ಕ ಅರ್ಜಿದಾರ ಒಬ್ಬನೇ. 1975ರಲ್ಲಿ ಬಂದ ‘ಶೋಲೆ’ಯ ವೀರೂ. ರಾಮನಗರದ ಬಂಡೆಗಳ ನಡುವೆ ಹಾಕಿದ ಸೆಟ್ಟಿನಲ್ಲಿ ಟ್ಯಾಂಕ್ ಹತ್ತಿ, ಬಸಂತಿಯನ್ನು ಕೊಡದಿದ್ದರೆ ಬಿದ್ದು ಸಾಯುತ್ತೇನೆ ಎಂದ. ಊರು ಸೇರಿತು, ಬಸಂತಿಯ ಮೌಸಿ ಒಪ್ಪಿದಳು. ಶುಲ್ಕವಿಲ್ಲ, ಅಫಿಡವಿಟ್ ಇಲ್ಲ, ಕಾಲಮಿತಿಯ ತಕರಾರಿಲ್ಲ. ಅವನು ಕೇಳಿದ್ದು ಹೆಣ್ಣನ್ನು. ಟ್ಯಾಂಕಿನೊಳಗಿನ ನೀರಿನ ವರದಿ ಕೇಳಿದ್ದರೆ ಇವತ್ತಿಗೂ ಅಲ್ಲೇ ಕೂತಿರುತ್ತಿದ್ದ.

ಸರ್ಕಾರ ಪರಿಹಾರವನ್ನೇ ಕೊಡುವುದಿಲ್ಲ ಎಂದರೆ ಅಪಚಾರ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ಪರಿಹಾರ ಘೋಷಿಸಿದರು, ತನಿಖೆ ಮಾಡಿಸಿದರು, ಅಮಾನತು ಮಾಡಿದರು. ಅಲ್ಲಿ ಜನ ಕೆಲವೇ ದಿನಗಳಲ್ಲಿ, ಒಂದೇ ಊರಿನಲ್ಲಿ, ಕ್ಯಾಮೆರಾಗಳ ಮುಂದೆ ಆಸ್ಪತ್ರೆ ಸೇರಿದರು. ವೃಷಭಾವತಿ ಬಯಲಿನವರು ಕಿಡ್ನಿಗೊಬ್ಬರು, ಚರ್ಮಕ್ಕೊಬ್ಬರು, ಹೊಟ್ಟೆಗೊಬ್ಬರು ಎಂದು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಆಸ್ಪತ್ರೆಗಳಲ್ಲಿ, ಹೊಂದಾಣಿಕೆಯೇ ಇಲ್ಲದೆ ಕಾಯಿಲೆ ಬೀಳುತ್ತಾರೆ. ಒಗ್ಗಟ್ಟಿಲ್ಲದವರಿಗೆ ಸರ್ಕಾರ ತಾನೆ ಏನು ಮಾಡೀತು?

ನೊರೆಗೂ ಊರು ಕೇರಿ ಇದೆ. ಬೆಳ್ಳಂದೂರು ಕೆರೆಯಲ್ಲಿ ಎದ್ದ ನೊರೆಯೂ ಬೈರಮಂಗಲದ ನೊರೆಯೂ ಒಂದೇ ಸಾಬೂನಿನವು. ಆದರೆ ಅಲ್ಲಿಯದು ಐಟಿ ಕಂಪನಿಗಳ ಕಿಟಕಿಗೆ ಕಾಣುವ ನೊರೆ. ಬೆಂಕಿ ಹತ್ತಿಕೊಂಡಾಗ ಲಂಡನ್ನಿನ ಟೀವಿಯವರೂ ತೋರಿಸಿದರು. 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಆ ಕಡೆಯ ಕೆರೆಗಳಿಗಾಗಿ 500 ಕೋಟಿ ರೂಪಾಯಿ ಪ್ರತ್ಯೇಕ ಖಾತೆಯಲ್ಲಿಡಲು ರಾಜ್ಯಕ್ಕೆ ಹೇಳಿತು, 50 ಕೋಟಿ ದಂಡ ಹಾಕಿತು. ನಮ್ಮ ನೊರೆ ಎಮ್ಮೆಗಳ ಕಣ್ಣಿಗೆ ಮಾತ್ರ ಬೀಳುತ್ತದೆ. ಎಮ್ಮೆಗೆ ಅನುಸೂಚಿಯಲ್ಲಿ ಜಾಗ ಇದೆ, ಟ್ವಿಟರಿನಲ್ಲಿ ಇಲ್ಲ.

ದಂಡದ ಕಥೆಯನ್ನು ಇನ್ನಷ್ಟು ಹೇಳಲೇಬೇಕು. 2022ರ ಅಕ್ಟೋಬರಿನಲ್ಲಿ ಇದೇ ನ್ಯಾಯಮಂಡಳಿ ಕಸ ಮತ್ತು ಕೊಳಚೆ ನಿರ್ವಹಣೆಯಲ್ಲಿ ಸೋತದ್ದಕ್ಕೆ ಕರ್ನಾಟಕ ಸರ್ಕಾರಕ್ಕೆ 2,900 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಕೆಡಿಸಿದವರೇ ಕಟ್ಟಬೇಕು ಎಂಬ ತತ್ವಕ್ಕೆ ಇದಕ್ಕಿಂತ ದೊಡ್ಡ ಜಯ ಬೇಕೆ ಎಂದು ಹಿಗ್ಗಬೇಡಿ. ಹಣ ಕಟ್ಟಬೇಕಾದದ್ದು ರಾಜ್ಯ ಸರ್ಕಾರ. ಕಟ್ಟಬೇಕಾದ ಜಾಗ ರಾಜ್ಯ ಸರ್ಕಾರದ್ದೇ ಒಂದು ಪ್ರತ್ಯೇಕ ಖಾತೆ. ಆ ಖಾತೆ ನಡೆಯುವುದು ರಾಜ್ಯ ಸರ್ಕಾರದ ಮುಖ್ಯ ಕಾರ್ಯದರ್ಶಿಯ ಸೂಚನೆಯಂತೆ. ಕುಡುಕ ಗಂಡ ತಪ್ಪೊಪ್ಪಿಕೊಂಡು ಬಲಜೇಬಿನ ದುಡ್ಡನ್ನು ಎಡಜೇಬಿಗೆ ಹಾಕಿ, ‘ನೋಡು, ದಂಡ ಕಟ್ಟಿದೆ’ ಎಂದು ಹೆಂಡತಿಗೆ ತೋರಿಸಿದ ಹಾಗೆ. ಆ ಎಡಜೇಬಿನಿಂದ ಬಯಲಿನ ಗೌಡರಿಗೆ ಒಂದು ಕ್ಯಾನ್ ನೀರಿನ ದುಡ್ಡೂ ಉದುರುವುದಿಲ್ಲ, ಯಾಕೆಂದರೆ ಅವರು ಅರ್ಜಿದಾರರೇ ಅಲ್ಲ.

ಕ್ಯಾನ್ ಎಂದಾಗ ನೆನಪಾಯಿತು. ಕುಡಿಯುವ ನೀರು ಎಲ್ಲಿಂದ ತರುತ್ತೀರಿ ಎಂದು ಈ ಕಡೆಯ ಯಾವ ಹಳ್ಳಿಯಲ್ಲಿ ಕೇಳಿದರೂ ‘ಫಿಲ್ಟ್ರು’ ಎನ್ನುತ್ತಾರೆ. ಶುದ್ಧ ಕುಡಿಯುವ ನೀರಿನ ಘಟಕ. ತಗಡಿನ ಗೂಡು, ಗೋಡೆ ಮೇಲೆ ಜನಪ್ರತಿನಿಧಿಗಳ ನಗುಮುಖ, ನಡುವೆ ನಾಣ್ಯ ಹಾಕುವ ಸೀಳು. ಐದು ರೂಪಾಯಿ ಹಾಕಿದರೆ 20 ಲೀಟರ್ ಬೀಳುತ್ತದೆ. ಮಸುಕಾದ ನೀಲಿ ಕ್ಯಾನುಗಳನ್ನು ಮೊಪೆಡ್ಡಿನ ಮುಂದೆ ಎರಡು, ಹಿಂದೆ ಎರಡು ಹೇರಿಕೊಂಡು ಹುಡುಗರು ಸಂಜೆ ಸಾಲು ನಿಲ್ಲುತ್ತಾರೆ. ಒಂದೊಂದು ದಿನ ನಾಣ್ಯ ನುಂಗಿದ ಯಂತ್ರ ನೀರು ಕೊಡುವುದನ್ನು ಮರೆಯುತ್ತದೆ. ಆಗ ಅದರ ಹೊಟ್ಟೆಗೆ ಎರಡು ಗುದ್ದು. ಒಮ್ಮೊಮ್ಮೆ ಕರೆಂಟಿಲ್ಲ, ಒಮ್ಮೊಮ್ಮೆ ಮೆಂಬರೇನ್ ಹೋಗಿದೆ, ಒಮ್ಮೊಮ್ಮೆ ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು ತಿಂಗಳುಗಟ್ಟಲೆ ದುರಸ್ತಿಯಿಲ್ಲದೆ ನೇತಾಡುತ್ತದೆ. ದಿನಕ್ಕೊಂದು ಕ್ಯಾನ್ ಅಂದರೆ ಮನೆಗೆ ವರ್ಷಕ್ಕೆ 1,825 ರೂಪಾಯಿ. ಇದಕ್ಕೆ ಅರ್ಜಿ ಬೇಡ, ಪುರಾವೆ ಬೇಡ, ಚೆನ್ನೈಗೆ ಹೋಗುವುದೂ ಬೇಡ. ಪಾವತಿ ತಕ್ಷಣ, ಸ್ಥಳದಲ್ಲೇ. ದೇಶದ ಅತ್ಯುನ್ನತ ನ್ಯಾಯಾಲಯ ಎತ್ತಿಹಿಡಿದ ತತ್ವ ಕೆಡಿಸಿದವರೇ ಕಟ್ಟಬೇಕು ಎಂಬುದು; ಈ ತಗಡಿನ ಗೂಡಿನಲ್ಲಿ ಜಾರಿಯಲ್ಲಿರುವುದು ಕುಡಿದವರೇ ಕಟ್ಟಬೇಕು ಎಂಬುದು. ಜಾರಿಯ ಮಟ್ಟಿಗೆ ಗೂಡೇ ಗೆದ್ದಿದೆ.

ನಾಣ್ಯದ ಸೀಳಿಗೆ ಎಮ್ಮೆಯ ಕೊಂಬು ಹೋಗುವುದಿಲ್ಲವಾದ್ದರಿಂದ ಎಮ್ಮೆ ಕೆರೆಯಲ್ಲೇ ಕುಡಿಯುತ್ತದೆ. ಅದರ ಹಾಲು, ನಾಲೆ ನೀರು ಕುಡಿದ ಸೊಪ್ಪು, ಬೇಬಿ ಕಾರ್ನು ಮುಂಜಾನೆಯೇ ಬೆಂಗಳೂರಿಗೆ ಹೊರಡುತ್ತವೆ. ಈ ಬಯಲಿನ ತರಕಾರಿಯಲ್ಲಿ ಭಾರಲೋಹ ಇದೆ ಎಂದು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ಹೇಳಿವೆ. ನಮ್ಮ ರೈತರ ಪ್ರಾಮಾಣಿಕತೆ ದೊಡ್ಡದು. ಪರರ ಸ್ವತ್ತು ಇಟ್ಟುಕೊಳ್ಳುವುದಿಲ್ಲ.

ಗೆದ್ದವರೇ ಇಲ್ಲವೆ ಎಂದರೆ ಇದ್ದಾರೆ. ರಾಜಸ್ಥಾನದ ಬಿಛ್ರಿ ಎಂಬ ಹಳ್ಳಿಯಲ್ಲಿ ರಾಸಾಯನಿಕ ಕಾರ್ಖಾನೆಗಳು ಬಾವಿಗಳ ನೀರಿನ ಬಣ್ಣವನ್ನೇ ಬದಲಿಸಿದವು. 1989ರಲ್ಲಿ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, 1996ರಲ್ಲಿ ಹಳ್ಳಿ ಗೆದ್ದಿತು. 2011ರಲ್ಲೂ ಕೋರ್ಟು ಅದೇ ಕಂಪನಿಗಳಿಗೆ, ‘ದುಡ್ಡು ಕಟ್ಟಿ, ಈಗ ಚಕ್ರಬಡ್ಡಿ ಸಮೇತ ಕಟ್ಟಿ’ ಎಂದು ಮತ್ತೆ ಹೇಳಬೇಕಾಯಿತು. ತಮಿಳುನಾಡಿನ ವೆಲ್ಲೂರಿನಲ್ಲಿ ಚರ್ಮ ಹದ ಮಾಡುವವರು ಪಾಲಾರ್ ನದಿಯನ್ನು ಕೆಡಿಸಿದ ಪ್ರಕರಣದಲ್ಲೂ ತೀರ್ಪು ಬಂದದ್ದು 1996ರಲ್ಲಿ. ಸಂತ್ರಸ್ತರಿಗೆ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಇನ್ನೊಮ್ಮೆ ಹೇಳಿತು. ತಾತ ಅರ್ಜಿ ಹಾಕಿದರೆ ಮೊಮ್ಮಗನ ಮದುವೆಗೆ ಒದಗಬಹುದು, ಮೊಮ್ಮಗನಿಗೆ ಹೆಣ್ಣು ಸಿಕ್ಕಿದರೆ. ಕೆಟ್ಟ ನೀರಿನ ಊರಿಗೆ ಹೆಣ್ಣು ಕೊಡುವವರು ಕಡಿಮೆ. ಆ ನಷ್ಟ ಅನುಸೂಚಿಯಲ್ಲಿಲ್ಲ.

ಈ ನಡುವೆ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿದ್ದ ಐದು ವರ್ಷದ ಜೈಲು ಶಿಕ್ಷೆಯನ್ನೂ ತೆಗೆದಿದ್ದಾರೆ. 2024ರ ಏಪ್ರಿಲಿನಿಂದ ಹತ್ತು ಸಾವಿರದಿಂದ ಹದಿನೈದು ಲಕ್ಷದ ತನಕ ದಂಡ. ತಿದ್ದುಪಡಿ ಕಾಯ್ದೆಯ ಹೆಸರು ಜನ ವಿಶ್ವಾಸ. ಯಾವ ಜನರ ವಿಶ್ವಾಸ ಎಂದು ಕೇಳಬಾರದು.

ಸರ್ಕಾರ ಕೈಕಟ್ಟಿ ಕೂತಿಲ್ಲ. ಕೊಳಚೆಯಿಂದ ಬೈರಮಂಗಲ ಕೆರೆಯನ್ನು ಉಳಿಸಲು ಒಂದು ಘನವಾದ ಉಪಾಯ ಹುಡುಕಿತು: ಕೊಳಚೆ ಕೆರೆಗೆ ಬೀಳದ ಹಾಗೆ ಪಕ್ಕದಲ್ಲೇ ಕಾಲುವೆ ತೋಡಿ ಕೆಳಕ್ಕೆ ಸಾಗಿಸುವುದು. ಶುದ್ಧಮಾಡುವ ಕೆಲಸ ಅದರಲ್ಲಿಲ್ಲ, ಸಾಗಹಾಕುವ ಕೆಲಸ ಮಾತ್ರ. ಕೆರೆಯಲ್ಲಿ ನಾಲ್ಕು ದಿನ ನಿಂತು ತುಸು ತಿಳಿಯಾಗುತ್ತಿದ್ದದ್ದೂ ತಪ್ಪಿ, ಕನಕಪುರದ ಕಡೆಯ ಹಳ್ಳಿಗಳಿಗೆ ಬಿಸಿಬಿಸಿಯಾಗಿಯೇ ತಲುಪುತ್ತದೆ ಎಂದು ಕೆಳಗಿನವರು ತಗಾದೆ ತೆಗೆದರು. ಇನ್ನೊಂದು ಪರಿಹಾರ ಇನ್ನೂ ಘನವಾದದ್ದು. ಬೈರಮಂಗಲ, ಕಂಚುಗಾರನಹಳ್ಳಿ ಸುತ್ತಲಿನ ಜಮೀನನ್ನೇ ವಶಪಡಿಸಿಕೊಂಡು ಅಲ್ಲಿ ಎಐ ನಗರ ಕಟ್ಟುತ್ತಾರಂತೆ. ಸಂತ್ರಸ್ತರೇ ಇಲ್ಲದಿದ್ದರೆ ಪರಿಹಾರದ ಪ್ರಶ್ನೆಯೇ ಏಳುವುದಿಲ್ಲ. ಅಷ್ಟಕ್ಕೂ ಜಮೀನು ಬಿಡುವುದಿಲ್ಲ ಎಂದು ಧರಣಿ ಕೂರುವವರನ್ನು ಏನನ್ನೋಣ? ಆ ನೀರು ಕುಡಿದೂ ಆ ನೆಲವನ್ನು ಪ್ರೀತಿಸುತ್ತಾರಲ್ಲ, ಇದಕ್ಕೆ ಯಾವ ಲೋಹ ಕಾರಣ ಎಂದು ಪ್ರಯೋಗಾಲಯವೇ ಹೇಳಬೇಕು.

ನಮಗೆ ಪ್ರಭಾವಿಗಳ ಕೊರತೆಯಂತೂ ಇರಲಿಲ್ಲ. ಕೆಂಗಲ್ ಹನುಮಂತಯ್ಯ, ರಾಮಕೃಷ್ಣ ಹೆಗಡೆ, ದೇವೇಗೌಡ, ಕುಮಾರಸ್ವಾಮಿ, ಇಷ್ಟು ಮಂದಿ ಮುಖ್ಯಮಂತ್ರಿಗಳನ್ನು ಈ ಮಣ್ಣು ವಿಧಾನಸೌಧಕ್ಕೆ ಕಳಿಸಿತು. 2023ರಲ್ಲಿ ಜಲಸಂಪನ್ಮೂಲವೂ ಬೆಂಗಳೂರು ಅಭಿವೃದ್ಧಿಯೂ ಕನಕಪುರದ ಶಾಸಕರೊಬ್ಬರ ಕೈಗೇ ಬಂದವು. ನೀರು ಕೊಡುವ ಖಾತೆ, ನೀರು ಕೆಡಿಸುವ ಊರಿನ ಖಾತೆ, ಕೆಟ್ಟ ನೀರು ಹರಿದು ಬರುವ ಕ್ಷೇತ್ರ ಮೂರೂ ಒಂದೇ ಮೇಜಿನ ಮೇಲೆ. ಅರ್ಜಿ ಅಲ್ಲಿಂದಲ್ಲಿಗೆ ಸರಿದರೆ ಸಾಕಿತ್ತು. ಮೇಜು ದೊಡ್ಡದಿರಬೇಕು.

ವೃಷಭಾವತಿಯ ಹೆಸರಿನಲ್ಲಿ ನಿಜವಾದ ಕಾಳಜಿಯಿಂದ ಕೋರ್ಟಿಗೆ ಹೋದ ದೊಡ್ಡ ಕಕ್ಷಿದಾರ ಯಾರು ಗೊತ್ತೆ? ತಮಿಳುನಾಡು. ಬೆಂಗಳೂರಿನ ಕೊಳಚೆ ಕಾವೇರಿಗೆ ಸೇರುತ್ತಿದೆ ಎಂದು ಅದು 2015ರಲ್ಲೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಗಡಿ ದಾಟಿದ ಮೇಲೆ ಆ ನೀರಿಗೆ ಒಂದು ಸರ್ಕಾರ ಸಿಗುತ್ತದೆ. ಗಡಿಯ ಈಚೆ ಸಿಗುವುದು ಬರೀ ಜನ.

ಹಾಗೆಂದು ನಿರಾಶರಾಗುವ ಕಾರಣವಿಲ್ಲ. ನಮ್ಮ ಆಶಾಕಿರಣ ಮೇಕೆದಾಟು. ಬೆಂಗಳೂರಿನ ಕುಡಿಯುವ ನೀರಿಗಾಗಿ ಅಲ್ಲಿ 67 ಟಿಎಂಸಿ ನೀರು ನಿಲ್ಲಿಸುವ ಜಲಾಶಯ ಕಟ್ಟಬೇಕೆಂದು 2022ರ ಜನವರಿಯಲ್ಲಿ ಸಂಗಮದಿಂದಲೇ ಪಾದಯಾತ್ರೆ ಹೊರಟಿತ್ತು. ಸಂಗಮ ಎಂದರೆ ಅರ್ಕಾವತಿ ಕಾವೇರಿಗೆ ಕೂಡುವ ಜಾಗ. ಮೇಕೆದಾಟು ಅದರ ಕೆಳಗೆ. ಅಣೆಕಟ್ಟು ಎದ್ದ ದಿನ ವೃಷಭಾವತಿಗೂ ಅದರೊಳಗೆ ಜಾಗ ಸಿಗುತ್ತದೆ. ಬಸವನಗುಡಿಯವರು ಬಿಟ್ಟದ್ದು ಬೈರಮಂಗಲ, ಕನಕಪುರ ಸುತ್ತಿ, ಕೊಳವೆ ಏರಿ ಬಸವನಗುಡಿಯ ನಲ್ಲಿಗೇ ಮರಳುತ್ತದೆ. ಆಗ ನೋಡಿ ಕಾನೂನಿನ ಚುರುಕು! ನೊರೆ ಎದ್ದ ತಾರೀಕು ಕೇಳುವವರಿರುವುದಿಲ್ಲ, ಮೊಬೈಲಿನಲ್ಲಿ ನಿಮಿಷ ಸಮೇತ ಇರುತ್ತದೆ. ಅಪಾರ್ಟ್‌ಮೆಂಟ್ ಸಂಘಗಳು ದೆಹಲಿಯಿಂದ ವಕೀಲರನ್ನು ಕರೆಸುತ್ತವೆ. ಹಸಿರು ಪೀಠದವರೇ ವಿಮಾನ ಹತ್ತಿ ಬರುತ್ತಾರೆ.

ಈ ಹಾನಿ ಎಂದಿನಿಂದ ನಡೆದಿದೆ ಎಂದು ರುಜುವಾತು ಮಾಡಲು ಹಳೆಯ ಸಾಕ್ಷಿಗಳು ಬೇಕಾಗುತ್ತವೆ. ಬೈರಮಂಗಲದ ಗೌಡರಿಗೆ ಸಮನ್ಸು ಬರುತ್ತದೆ. ಅವರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೋಗಿ, ಕಟಕಟೆಯಲ್ಲಿ ನಿಂತು, ಹಲ್ಲು ತೋರಿಸಿ, ಕಾಲು ತೋರಿಸಿ, ಸತ್ಯವನ್ನೇ ಹೇಳಿ ಇಳಿಯುತ್ತಾರೆ. ಬೆಂಗಳೂರಿನವರಿಗೆ ಪರಿಹಾರ ಮಂಜೂರಾಗುತ್ತದೆ. ಗೌಡರಿಗೆ ಬಸ್ ಚಾರ್ಜು ಮತ್ತು ಒಂದು ದಿನದ ಸಾಕ್ಷಿ ಬತ್ತೆ ಎಣಿಸಿ ಕೊಟ್ಟು, ರಸೀದಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಕೆಟ್ಟ ನೀರಿನ ಬಾಬ್ತಿನಲ್ಲಿ ಈ ಜಿಲ್ಲೆಯವರ ಕೈಗೆ ಬಂದ ಮೊದಲ ದುಡ್ಡು ಎಂದು ಅದನ್ನು ದಾಖಲೆಯಲ್ಲಿ ಬರೆದಿಡಬಹುದು.